ನೆಗೆಯುವ ನೆರಳು

ಬಿಳೇಕಹಳ್ಳಿ, ಬೆಂಗಳೂರು
3 ಮಾರ್ಚ್ 2025

ಪ್ರೀತಿಯ ಶ್ರೀದೇವಿ,

ಡ್ಯೂಟಿ ಹೊತ್ತಿನಲ್ಲಿ ನಿಮ್ಮ ಫೋನುಗಳನ್ನೆಲ್ಲ ಲಾಕರಿನಲ್ಲಿ ಇಡಿಸುತ್ತಾರೆ, ಮೇಲ್ ಮಾತ್ರ ನೋಡಬಹುದು ಎಂದೆಯಲ್ಲ, ಅದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಾಸ್ಟೆಲಿನಲ್ಲೂ ಹಾಗೇ ಇದ್ದೆವು. ಇನ್ನು ಮೇಲೆ ಬರೆಯೋಣ.

ಸುದ್ದಿ ಏನೆಂದರೆ, ಕ್ಯಾಮೆರಾದ ಚಿತ್ರವನ್ನು ಕುಗ್ಗಿಸಿ ಕಳಿಸುವ ನನ್ನ ಎನ್‌ಕೋಡರ್ ಮುಗಿದು ಹೊರಗೆ ಹೋಯಿತು. ಹುಬ್ಬಳ್ಳಿಯ ಕಂಟ್ರೋಲ್ ರೂಮಿನಲ್ಲಿ ಕುಳಿತು ನೀನು ನೋಡುತ್ತೀಯಲ್ಲ, ಬೆಂಗಳೂರಿನ ಆ ಪಾಯದ ಗುಂಡಿಗಳ ಕ್ಯಾಮೆರಾಗಳಿಗೆಲ್ಲ ಇನ್ನು ಅದೇ. ತಲಘಟ್ಟಪುರದ ಗುಂಡಿಯಲ್ಲಿ ನಿನ್ನ ಯಜಮಾನರು ಹಳದಿ ಹೆಲ್ಮೆಟ್ ಹಾಕಿಕೊಂಡು ಕೂಲಿಯವರ ಮೇಲೆ ಕೂಗಾಡುವುದು ನನ್ನ ಕೈ ದಾಟಿಯೇ ನಿನ್ನ ಕಣ್ಣಿಗೆ ಬರುತ್ತದೆ.

ಅದು ಏನು ಮಾಡುತ್ತದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಕಳಿಸಿದರೆ ಯಾವ ಲೈನೂ ತಾಳುವುದಿಲ್ಲ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಒಂದೊಂದನ್ನೂ ಎಷ್ಟು ಕಡಿಮೆಯಲ್ಲಿ ಹೇಳಿ ಮುಗಿಸಬಹುದು ಎಂದು ಹತ್ತಾರು ಬಗೆಯಲ್ಲಿ ಹುಡುಕಬೇಕು. ಚಿಪ್ಪಿನ ಶಕ್ತಿಯೆಲ್ಲ ಆ ಹುಡುಕಾಟಕ್ಕೇ ಹೋಗುತ್ತಿತ್ತು. ಬಿಸಿಲಲ್ಲಿ ಸೈಟಿನಲ್ಲಿಟ್ಟ ಎನ್‌ಕೋಡರ್ ಡಬ್ಬಿ ಕಾದು ಕೆಟ್ಟೇ ಹೋಗುತ್ತಿತ್ತು. ನಾನು ಹುಡುಕಾಟವನ್ನೇ ತಪ್ಪಿಸಿದೆ. ಚೌಕದಲ್ಲಿ ಏನೂ ಬದಲಾಗಿಲ್ಲ ಎಂದು ಮೊದಲೇ ಅನ್ನಿಸಿದರೆ, ‘ಹಳೆಯದನ್ನೇ ಇಟ್ಟುಕೋ’ ಎಂದು ಒಂದು ಮಾತು ಕಳಿಸಿ ಮುಂದೆ ಹೋಗುತ್ತದೆ. ಕೆಲಸ ಮೂರನೇ ಒಂದು ಪಾಲಿಗೆ ಇಳಿಯಿತು. ಗೋಡೆ ಅಲುಗಿದರೆ ನಿಮ್ಮ ಕೋಣೆಯಲ್ಲಿ ಹೊಡೆಯುವ ಅಲಾರಂಗೂ ಬೇರೆ ಲೆಕ್ಕ ಬೇಡ. ಎನ್‌ಕೋಡರ್ ‘ಬದಲಾಗಿದೆ’ ಎಂದ ಕಡೆಗಷ್ಟೇ ಅದು ನೋಡಿದರೆ ಸಾಕು.

ಆಶ್ರಿತ್ ಜೆ.ಪಿ. ನಗರದ ಆಫೀಸಿನಲ್ಲಿ ಎಲ್ಲರಿಗೂ ಹೋಳಿಗೆ ಊಟ ಹಾಕಿಸಿದ. ನಮ್ಮ ಕಂಪನಿಯ ಮಾಲೀಕ, ನನಗಿಂತ ಚಿಕ್ಕವನು. “ಶಾಂತಲಾ, ಸಖತ್ತಾಗಿ ಮಾಡಿದೀರ. ಇನ್ಮೇಲೆ ನಮ್ಮನ್ನ ಹಿಡಿಯೋರಿಲ್ಲ” ಎಂದ. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನಿನ್ನ,
ಶಾಂತಲಾ


ಹುಬ್ಬಳ್ಳಿ
14 ಮಾರ್ಚ್ 2025

ಪ್ರೀತಿಯ ಶಾಂತಲಾ,

ನಿನ್ನ ಎನ್‌ಕೋಡರ್ ಬಂದ ಮೇಲೆ ನಮ್ಮ ಕೋಣೆಗೆ ಮೌನ ಬಂದಿದೆ. ಮೊದಲು ನಾಯಿ ಓಡಾಡಿದರೂ ಅಲಾರಂ, ಟಾರ್ಪಾಲು ಹಾರಿದರೂ ಅಲಾರಂ. ಈಗ ವಾರವಾದರೂ ಸದ್ದಿಲ್ಲ. ಪಕ್ಕದ ಸೀಟಿನ ಶಾಲಿನಿ ಸ್ವೆಟರ್ ಹೆಣೆಯಲು ಶುರು ಮಾಡಿದ್ದಾಳೆ. ಚಿತ್ರವೂ ಎಷ್ಟು ಸ್ಥಿರವಾಗಿದೆ! ಮೊದಲು ನೊಣ ಮುತ್ತಿದ ಹಾಗೆ ಚಿಟಿಪಿಟಿ ಎನ್ನುತ್ತಿತ್ತು, ಈಗ ಗೋಡೆಗೆ ಹಾಕಿದ ಫೋಟೋ ಇದ್ದ ಹಾಗೆ.

ನಾನು ಹೆಚ್ಚು ಹೊತ್ತು ನೋಡುವುದು ಏಳನೇ ಕ್ಯಾಮೆರಾವನ್ನು ಎಂದು ನಿನಗೆ ಗೊತ್ತೇ ಇದೆ. ಅಲ್ಲಿ ಪೂರ್ವದ ಗೋಡೆ ಕಾಣುತ್ತದೆ. ಮಣ್ಣಿಗೆ ಕಬ್ಬಿಣದ ಸರಳು ಹೊಡೆದು ಮೇಲೆ ಸಿಮೆಂಟು ಎರಚಿದ ಗೋಡೆ. ಅದರ ನೆತ್ತಿಯ ಮೇಲೆ ಮಂಗಮ್ಮ ಎಂಬುವರ ಮನೆ, ಅವರು ಒಣಹಾಕಿದ ಸೀರೆಗಳು. ಕೆಳಗೆ ಇವರು. ದಿನಕ್ಕೊಮ್ಮೆ ಕ್ಯಾಮೆರಾ ಕಡೆ ತಿರುಗಿ ಹೆಲ್ಮೆಟ್ ಸರಿಮಾಡಿಕೊಳ್ಳುತ್ತಾರೆ. ಅದು ನನಗೆ ಎಂದು ನಾನೇ ಅಂದುಕೊಂಡಿದ್ದೇನೆ, ಕೇಳಿಲ್ಲ. ಜನವರಿಯಲ್ಲಿ ಮಗು ನಿಲ್ಲಲಿಲ್ಲವಲ್ಲ, ಆಗ ಎರಡೇ ದಿನ ಬಂದು ಹೋದರು. ಆಮೇಲಿಂದ ನಮ್ಮ ಮಾತು ಊಟ, ತಿಂಡಿ, ಔಷಧ ಅಷ್ಟೇ. ನಮ್ಮತ್ತೆ, “ದಿನಾ ಟಿವ್ಯಾಗ ಗಂಡನ್ನ ನೋಡಾಕ ಪಗಾರ ಕೊಡ್ತಾರಲ್ಲವಾ ನಿನಗ” ಎಂದು ನಗುತ್ತಾರೆ.

ಒಂದು ಕೇಳಬೇಕಿತ್ತು. ಚಿತ್ರ ಆಗಾಗ ಸಣ್ಣಗೆ ಬೆಚ್ಚುತ್ತದೆ. ಮಲಗಿದವರು ನಿದ್ದೆಯಲ್ಲಿ ಬೆಚ್ಚುತ್ತಾರಲ್ಲ, ಹಾಗೆ. ಮತ್ತೆ ಸುಮ್ಮನಾಗುತ್ತದೆ. ಅದೇನು?

ನಿನ್ನ ಶ್ರೀ


ಬಿಳೇಕಹಳ್ಳಿ
17 ಮಾರ್ಚ್ 2025

ಶ್ರೀ,

ಅದು ಏನೂ ಅಲ್ಲ. ‘ಹಳೆಯದನ್ನೇ ಇಟ್ಟುಕೋ’ ಎನ್ನುತ್ತಾ ಹೋಗುವ ಎನ್‌ಕೋಡರ್, ಆಗಾಗ ಇಡೀ ಚಿತ್ರವನ್ನು ಹೊಸದಾಗಿ ಕಳಿಸಬೇಕು. ಮೊದಲು ಎರಡು ಸೆಕೆಂಡಿಗೊಮ್ಮೆ ಕಳಿಸುತ್ತಿದ್ದೆವು, ಈಗ ಹತ್ತು ನಿಮಿಷಕ್ಕೊಮ್ಮೆ. ಭಾರ ಕಡಿಮೆಯಾಗಲಿ ಎಂದು. ಹೊಸ ಚಿತ್ರ ಬಂದಾಗ ಸ್ವಲ್ಪ ಅಲುಗಿದಂತೆ ಅನ್ನಿಸಬಹುದು. ಆಗ ಎಲ್ಲ ಚೌಕಗಳೂ ಒಮ್ಮೆಗೇ ಬದಲಾಗುವುದರಿಂದ ಅಲಾರಂ ಆ ಕ್ಷಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಾಬರಿ ಬೇಡ.

ಬೆಚ್ಚುವಾಗ ಇಡೀ ಚಿತ್ರ ಬೆಚ್ಚುತ್ತದೋ, ಒಂದು ಮೂಲೆ ಮಾತ್ರವೋ? ಬಿಡು, ಸುಮ್ಮನೆ ಕೇಳಿದೆ.

ಅತ್ತೆಯವರಿಗೆ ನಮಸ್ಕಾರ ತಿಳಿಸು.

ಶಾಂತಲಾ


ಹುಬ್ಬಳ್ಳಿ
2 ಏಪ್ರಿಲ್ 2025

ಪ್ರೀತಿಯ ಶಾಂತಲಾ,

ನೀನು ಸುಮ್ಮನೆ ಕೇಳಿದೆ, ನಾನು ಎರಡು ವಾರ ಅದನ್ನೇ ನೋಡಿದೆ.

ಇಡೀ ಚಿತ್ರ ಅಲ್ಲ. ಗುಂಡಿಯ ನಡುವೆ ಕ್ರೇನ್ ನಿಂತಿದೆಯಲ್ಲ, ಅದರ ನೆರಳನ್ನು ಗಮನಿಸಿದೆ. ನಮ್ಮ ಹಿತ್ತಿಲಲ್ಲಿ ನೆರಳು ಗೊತ್ತೇ ಆಗದ ಹಾಗೆ ಜರುಗುತ್ತದೆ. ನಿನ್ನ ಚಿತ್ರದಲ್ಲಿ ನೆರಳು ಜರುಗುವುದೇ ಇಲ್ಲ. ಒಂದೇ ಕಡೆ ನಿಂತಿರುತ್ತದೆ, ಆಮೇಲೆ ತಟ್ಟನೆ ಮುಂದಕ್ಕೆ ನೆಗೆಯುತ್ತದೆ. ಮತ್ತೆ ನಿಲ್ಲುತ್ತದೆ. ಶಾಲಿನಿಗೆ ತೋರಿಸಿದೆ. “ಅಯ್ಯ, ದೆವ್ವ ಇದ್ದಂಗ ಐತಲ್ಲ” ಎಂದು ನಕ್ಕಳು.

ಇನ್ನೊಂದು, ಪೂರ್ವದ ಗೋಡೆಯ ಬುಡ. ಅಲ್ಲಿ ಒಂದು ಕಪ್ಪು ಕಲೆ ಇದೆ. ಅದೂ ನೆಗೆಯುತ್ತದೆ. ಬೆಳಿಗ್ಗೆ ಅಂಗೈ ಅಗಲ ಇದ್ದದ್ದು ಸಂಜೆಗೆ ಚಾಪೆಯಷ್ಟು. ಕಣ್ಣೆದುರಿಗೆ ಮಾತ್ರ ಬೆಳೆಯುವುದಿಲ್ಲ. ಸೂಪರ್‌ವೈಸರಿಗೆ ಹೇಳಿದೆ. “ಅಲಾರಂ ಬಂದೈತೇನ್ರೀ? ಇಲ್ಲಲ್ಲ. ಮತ್ತ್ಯಾಕ ತೆಲಿ ಕೆಡಿಸ್ಕೊಂತೀರಿ” ಎಂದರು. ಇವರಿಗೂ ಹೇಳಿದೆ. ನೀರು ಹೊಡೆದಿರುತ್ತಾರೆ, ಸಿಮೆಂಟು ಗಟ್ಟಿಯಾಗಲು ಹೊಡೆಯಲೇಬೇಕು ಎಂದರು.

ಆ ಗೋಡೆಗೆ ನೀರು ಹೊಡೆಯುವವರನ್ನು ನಾನು ಒಂದು ದಿನವೂ ನೋಡಿಲ್ಲ. ಅದು ಅವರ ಕೆಲಸ, ನನ್ನದಲ್ಲ ಎಂದು ಸುಮ್ಮನಾದೆ. ನೀನೇನು ಹೇಳುತ್ತೀ?

ಶ್ರೀ


ಬಿಳೇಕಹಳ್ಳಿ
20 ಏಪ್ರಿಲ್ 2025

ಶ್ರೀ,

ತಡವಾಯಿತು, ಕ್ಷಮಿಸು. ಆಫೀಸಿನಲ್ಲಿ ಉಸಿರಾಡಲು ಬಿಡುವಿಲ್ಲ.

ನೆರಳಿನ ವಿಷಯ ಆಶ್ರಿತ್‌ಗೆ ಹೇಳಿದ್ದೇನೆ. ನೋಡೋಣ ಎಂದಿದ್ದಾನೆ.

ನಾನು ಬರೆಯಲು ಕೂತದ್ದು ಬೇರೆ ಮಾತಿಗೆ. ಬಸವ ಜಯಂತಿ ಹತ್ತಿರ ಬಂತು. ವಿಜಯಕುಮಾರ್ ಅವರನ್ನು ಊರಿಗೆ ಕರೆಸಿಕೋ. ಎರಡು ದಿನಕ್ಕಲ್ಲ, ಒಂದು ತಿಂಗಳು ರಜೆ ಹಾಕಿಸು. ಇಲ್ಲಿ ಮಳೆ ಶುರುವಾಗಿದೆ, ಹೇಗೂ ಕೆಲಸ ನಿಧಾನ. ಗಂಡ ಹೆಂಡತಿ ಹೀಗೆ ಸ್ಕ್ರೀನಿನ ಮೇಲೆ ಸಂಸಾರ ಮಾಡಬಾರದು. ಜನವರಿಯಲ್ಲಿ ಅವರು ನಿನ್ನ ಹತ್ತಿರ ಇರಬೇಕಾಗಿತ್ತು, ಇರಲಿಲ್ಲ. ಈಗಲಾದರೂ ಇರಲಿ. ಜಗಳ ಮಾಡಿಯಾದರೂ ಕರೆಸು. ಬೇಡ ಎಂದರೆ ನಿನಗೆ ಹುಷಾರಿಲ್ಲ ಎಂದು ಹೇಳು.

ಯಾಕೆ ಎಂದು ಕೇಳಬೇಡ. ನನ್ನ ಮಾತು ಕೇಳು.

ಶಾಂತಲಾ


ಹುಬ್ಬಳ್ಳಿ
23 ಏಪ್ರಿಲ್ 2025

ಶಾಂತಲಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನನ್ನ ಗಂಡನ ಬಗ್ಗೆ ನಿನಗೆ ಏನು ಗೊತ್ತಾಗಿದೆ? ಅಲ್ಲಿ ಯಾರಾದರೂ ಏನಾದರೂ ಹೇಳಿದರಾ? ಹೇಳಿದ್ದರೆ ನೇರವಾಗಿ ಬರೆಯುವ ಧೈರ್ಯ ಇರಬೇಕಿತ್ತು. ‘ಯಾಕೆ ಎಂದು ಕೇಳಬೇಡ’ ಎಂದು ಬರೆದು ಗೆಳತಿಯ ಹೊಟ್ಟೆಯಲ್ಲಿ ಬೆಂಕಿ ಇಡುವುದು ಯಾವ ನ್ಯಾಯ?

ಮಗುವಿನ ವಿಷಯ ನಿನಗೊಬ್ಬಳಿಗೇ ಹೇಳಿಕೊಂಡಿದ್ದೆ. ಅದನ್ನು ಎತ್ತಿಕೊಂಡು ನನ್ನ ಸಂಸಾರಕ್ಕೆ ಬುದ್ಧಿ ಹೇಳುತ್ತೀ ಎಂದು ಅಂದುಕೊಂಡಿರಲಿಲ್ಲ. ನಾನು ಹುಷಾರಿಲ್ಲ ಎಂದು ಸುಳ್ಳು ಹೇಳಿ ಗಂಡನನ್ನು ಕರೆಸಿಕೊಳ್ಳುವವಳಲ್ಲ. ಬರುವುದಾದರೆ ಅವರಾಗಿಯೇ ಬರಲಿ.

ಸದ್ಯಕ್ಕೆ ಬರೆಯಬೇಡ.

ಶ್ರೀದೇವಿ


ಬಿಳೇಕಹಳ್ಳಿ
11 ಮೇ 2025, ಭಾನುವಾರ ಸಂಜೆ

ಶ್ರೀ,

ಬರೆಯಬೇಡ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ. ಇದನ್ನು ಓದಿದ ತಕ್ಷಣ ವಿಜಯಕುಮಾರ್ ಅವರಿಗೆ ಫೋನ್ ಮಾಡು. ಉಳಿದದ್ದನ್ನು ಆಮೇಲೆ ಓದು.

ಅವರ ಮೇಲೆ ಯಾರೂ ಏನೂ ಹೇಳಿಲ್ಲ. ತಪ್ಪು ನನ್ನ ಎನ್‌ಕೋಡರಿನಲ್ಲಿದೆ. ಚೌಕ ಬದಲಾಗಿದೆಯೇ ಎಂದು ನೋಡುವಾಗ ಅದು ಈಗಿನ ಕ್ಷಣವನ್ನು ಹಿಂದಿನ ಕ್ಷಣದ ಜೊತೆ ಮಾತ್ರ ಹೋಲಿಸುತ್ತದೆ. ನಿನ್ನ ಸ್ಕ್ರೀನಿನ ಮೇಲೆ ಏನಿದೆ ಎಂಬುದನ್ನು ನೋಡುವುದೇ ಇಲ್ಲ. ಅದನ್ನು ನೋಡಲು ಇನ್ನಷ್ಟು ಲೆಕ್ಕ ಬೇಕು, ನಾನು ಲೆಕ್ಕ ಉಳಿಸಿದೆ. ಓಡುವ ನಾಯಿ, ನಡೆಯುವ ಮನುಷ್ಯ ಅದಕ್ಕೆ ಕಾಣುತ್ತಾರೆ, ಅದು ಗೋಡೆಯಲ್ಲ ಎಂದು ಅಲಾರಂ ಬಿಟ್ಟುಬಿಡುತ್ತದೆ. ನಿಧಾನವಾಗಿ ಹರಡುವ ನೀರು, ನಿಧಾನವಾಗಿ ಬಾಗುವ ಗೋಡೆ ಕಾಣುವುದಿಲ್ಲ. ಹಿಂದಿನ ಕ್ಷಣಕ್ಕಿಂತ ಕೂದಲೆಳೆಯಷ್ಟೇ ವ್ಯತ್ಯಾಸ, ಪ್ರತಿ ಸಲವೂ ‘ಬದಲಾಗಿಲ್ಲ’. ಹತ್ತು ನಿಮಿಷಕ್ಕೊಮ್ಮೆ ನಿಜ ಬರುತ್ತದೆ, ಆ ಕ್ಷಣವನ್ನೇ ಅಲಾರಂ ಕಡೆಗಣಿಸುತ್ತದೆ. ಗೋಡೆ ಇಷ್ಟಿಷ್ಟೇ ಬಾಗುತ್ತಾ ಹೋದರೆ ಅಲಾರಂ ಯಾವತ್ತೂ ಹೊಡೆಯುವುದಿಲ್ಲ.

ನೀನು ನೆರಳಿನ ಬಗ್ಗೆ ಬರೆದ ದಿನವೇ ನನಗೆ ಅರ್ಥವಾಯಿತು. ಆಶ್ರಿತ್‌ಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಂದು, “ಮುಂದಿನ ವರ್ಷನ್‌ನಲ್ಲಿ ಸರಿ ಮಾಡೋಣ. ಈಗ ಕಸ್ಟಮರ್‌ಗೆ ಗೊತ್ತಾದ್ರೆ ಮೂವತ್ತು ಜನ ಬೀದಿಗೆ ಬರ್ತಾರೆ. ಯೋಚನೆ ಮಾಡಿ” ಎಂದ. ನಾನು ಯೋಚನೆ ಮಾಡಿದೆ. ಮಾಡುತ್ತಲೇ ಇದ್ದೆ. ನಿನಗೆ ರಜೆಯ ಮಾತು ಬರೆದದ್ದು ಆಗ.

ಇವತ್ತು ತಡೆಯಲಾಗಲಿಲ್ಲ. ಮೆಟ್ರೋ ಹತ್ತಿ ತಲಘಟ್ಟಪುರಕ್ಕೆ ಹೋದೆ. ಮಂಗಮ್ಮನವರ ಅಂಗಳದಿಂದ ಗುಂಡಿ ಪೂರ್ತಿ ಕಾಣುತ್ತದೆ. ಒಂದು ಕಾಲದಲ್ಲಿ ಅವರದೇ ರಾಗಿ ಹೊಲವಂತೆ. ಅವರು ಕಾಫಿ ಕೊಟ್ಟರು. “ಬಚ್ಚಲ ಬಾಗ್ಲು ಹಾಕ್ಕೊಳಾಕೇ ಆಗ್ತಿಲ್ಲ ಕಣವ್ವಾ. ಹೋದ್ ತಿಂಗ್ಳು ಸರ್ಯಾಗೇ ಇತ್ತು. ನಮ್ಮ್ ಯಜಮಾನ್ರು ಮರ ಉಬ್ಬೈತೆ ಅಂತಾರೆ” ಎಂದರು. ನಾನು ಆ ಬಾಗಿಲನ್ನು ನೋಡಿದೆ. ಮರ ಉಬ್ಬಿಲ್ಲ. ಚೌಕಟ್ಟೇ ವಾಲಿದೆ.

ಅಂಗಳದ ಅಂಚಿನಲ್ಲಿ ನಿಂತು ಫೋನಿನಲ್ಲಿ ಏಳನೇ ಕ್ಯಾಮೆರಾ ತೆರೆದೆ. ಪರೀಕ್ಷೆಗೆಂದು ನನ್ನ ಹತ್ತಿರ ಲಾಗಿನ್ ಇದೆ. ಫೋನಿನಲ್ಲಿ ಕಪ್ಪು ಕಲೆ ಗೋಡೆಯ ಕಾಲುಭಾಗಕ್ಕೆ ನಿಂತಿತ್ತು, ಅಷ್ಟೆ. ತಲೆ ಎತ್ತಿದರೆ, ಎದುರಿಗೆ ಅರ್ಧ ಗೋಡೆ ಕಪ್ಪಾಗಿ ನೀರು ಜಿನುಗುತ್ತಿತ್ತು. ನಡುವೆ ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಮತ್ತೆ ಫೋನು, ಮತ್ತೆ ಗೋಡೆ. ಕಣ್ಣೆದುರಿಗೇ ಫೋನಿನ ಚಿತ್ರ ಬೆಚ್ಚಿತು, ಕಲೆ ಒಂದೇ ಸಲಕ್ಕೆ ಅರ್ಧ ಗೋಡೆಗೆ ನೆಗೆಯಿತು. ಅಲಾರಂ ಹೊಡೆಯಲಿಲ್ಲ.

ಕೆಳಗಿಳಿದು ವಿಜಯಕುಮಾರ್ ಅವರನ್ನು ಕಂಡೆ. “ಬರ್ರಿ ಬರ್ರಿ ಶಾಂತಲಾ, ಇದೇನ್ ಅಪರೂಪ” ಎಂದರು. ಈ ಗೋಡೆ ಸರಿಯಿಲ್ಲ, ಜನರನ್ನು ಮೇಲೆ ಕಳಿಸಿ ಎಂದೆ. ಅವರೂ ಗೋಡೆಯನ್ನೇ ನೋಡುತ್ತಾ ನಿಂತರು. “ನನಗೂ ಎರಡ್ ದಿನದಿಂದ ಅನಸಾಕತ್ತೈತ್ರಿ. ಮ್ಯಾನೇಜರ್‌ಗ ಹೇಳ್ದೆ. ಅಲಾರಂ ಬಂದಿಲ್ಲ, ಕೆಲಸ ನಿಲ್ಲಸಬ್ಯಾಡ ಅಂದ. ನಾಳೆ ಮುಂಜಾನೆ ಮಂದೀನ್ನ ಮ್ಯಾಲ ಕಳಸ್ತೀನಿ. ಹತ್ರದಿಂದ ನಾಕ್ ಫೋಟೋ ತಗದು ಅವನ ಮಾರಿಗೆ ಹಿಡಿತೀನಿ, ಆವಾಗ ನಂಬ್ತಾನ.”

ಆಗಲೇ ಹೇಳಬೇಕಿತ್ತು, ಅಲಾರಂ ಬರುವುದೇ ಇಲ್ಲ, ಅದು ನನ್ನಿಂದ ಎಂದು. ಒಂದು ಮಾತು. ಬಾಯಿಗೆ ಬಂತು, ನುಂಗಿಕೊಂಡೆ. ನಿಮ್ಮ ಶ್ರೀದೇವಿ ಹೇಗಿದ್ದಾಳೆ ಎಂದು ಕೇಳಿ ಬಂದುಬಿಟ್ಟೆ.

ಮನೆಗೆ ಬಂದ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ನಿನಗೂ ಮಾಡಿದೆ, ನೀನು ನನ್ನ ನಂಬರನ್ನು ತಡೆದಿಟ್ಟಿದ್ದೀಯ ಅನ್ನಿಸುತ್ತದೆ. ನೀನು ಹೇಳಿದರೆ ಅವರು ಕೇಳುತ್ತಾರೆ. ಹತ್ತಿರ ಹೋಗುವುದು ಬೇಡ, ಫೋಟೋ ಬೇಡ, ಈ ಪತ್ರವನ್ನೇ ಮ್ಯಾನೇಜರಿಗೆ ತೋರಿಸಲಿ. ನನ್ನ ಕೆಲಸ ಹೋದರೆ ಹೋಗಲಿ.

ಶಾಂತಲಾ


ಹುಬ್ಬಳ್ಳಿ
12 ಮೇ 2025, ಸೋಮವಾರ ಬೆಳಿಗ್ಗೆ

ಶಾಂತಲಾ,

ಡ್ಯೂಟಿಗೆ ಬಂದು ಮೇಲ್ ತೆರೆದೆ. ನಿನ್ನದೊಂದು ಬಂದಿದೆ. ಓದಿಲ್ಲ. ಬೆಳಿಗ್ಗೆಯೇ ಮನಸ್ಸು ಕೆಡಿಸಿಕೊಳ್ಳುವುದು ಬೇಡ, ಶಿಫ್ಟ್ ಮುಗಿದ ಮೇಲೆ ನೋಡೋಣ ಎಂದುಕೊಂಡಿದ್ದೇನೆ. ಸಿಟ್ಟಿನಲ್ಲಿ ನಾನೂ ಹೆಚ್ಚೇ ಬರೆದೆ. ಅದಕ್ಕೇ ಈ ಎರಡು ಸಾಲು.

ನಿನ್ನೆ ರಾತ್ರಿ ಇವರು ಫೋನ್ ಮಾಡಿದ್ದರು. ನೀನು ಸೈಟಿಗೆ ಹೋಗಿದ್ದೆಯಂತೆ. “ನಿನ್ನ ಗೆಳತಿ ಬಂದಿದ್ಳು, ನಿನ್ನನ್ನ ಭಾಳ ಕೇಳಿದ್ಳು” ಎಂದರು. ಮುಂದಿನ ವಾರ ಊರಿಗೆ ಬರುತ್ತಾರಂತೆ. ನಾನು ಕರೆಯಲಿಲ್ಲ, ಅವರೇ ಹೇಳಿದರು. ಎಷ್ಟೋ ದಿನಗಳ ಮೇಲೆ ಒಂದು ಗಂಟೆ ಮಾತಾಡಿದೆವು.

ಈಗಲೂ ಏಳನೇ ಕ್ಯಾಮೆರಾದಲ್ಲಿದ್ದಾರೆ. ಕೂಲಿಯವರು ಯಾರೂ ಕಾಣುತ್ತಿಲ್ಲ, ಇವರೊಬ್ಬರೇ. ಒಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಗೋಡೆಯ ಮೇಲೆ ಇಟ್ಟು ನಿಂತಿದ್ದಾರೆ. ಬಹಳ ಹೊತ್ತಿನಿಂದ ಹಾಗೇ ಇದ್ದಾರೆ. ಇಷ್ಟು ಹೊತ್ತು ಒಂದೇ ಕಡೆ ನಿಲ್ಲುವವರಲ್ಲ. ನಾನೂ ನೋಡುತ್ತಾ ಕೂತಿದ್ದೇನೆ. ಸುತ್ತ ಎಲ್ಲ ಎಷ್ಟು ಶಾಂತವಾಗಿದೆ.

ಸಂಜೆ ನಿನ್ನದನ್ನು ಓದಿ ಬರೆಯುತ್ತೇನೆ.

ಶ್ರೀ


ಬಿಳೇಕಹಳ್ಳಿ
9 ಜೂನ್ 2025

ಶ್ರೀದೇವಿ,

ಅವರ ಮಣ್ಣಿಗೆ ನಾನು ಬಂದಾಗ ನೀನು ನನ್ನ ಮುಖ ನೋಡಲಿಲ್ಲ. ನೋಡು ಎಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ ಎಂದು ಶಾಲಿನಿ ತಿಳಿಸಿದಳು, ಅದಕ್ಕೆ ಬರೆಯುತ್ತಿದ್ದೇನೆ.

ಮಂಗಮ್ಮನವರು ಕಣ್ಣಾರೆ ಕಂಡಿದ್ದಾರೆ. “ಎಲ್ಲಾರ್ನೂ ಬೈದು ಬೈದು ಮೇಲಕ್ಕೆ ಹತ್ತಿಸ್ದ ಕಣವ್ವಾ. ಆಮೇಲೆ ಫೋಟೋ ತಗೋಬೇಕು ಅಂತ ತಾನೊಬ್ನೇ ಇಳ್ದ. ನಾನು ಬಟ್ಟೆ ಎತ್ಕೊಳಾಕೆ ಬಂದೆ. ಸದ್ದೇ ಇಲ್ದಂಗೆ ಗೋಡೆ ಕೂತ್ಕೊಂತು” ಎಂದರು. ಅವರ ಬಚ್ಚಲುಮನೆ ಜೊತೆಗೇ ಹೋಯಿತು. ಅವರೂ ಅವರ ಯಜಮಾನರೂ ಈಗ ಮಗಳ ಮನೆಯಲ್ಲಿದ್ದಾರೆ. ಕೂಲಿಯವರಲ್ಲಿ ಒಬ್ಬರಿಗೂ ಪೆಟ್ಟಾಗಿಲ್ಲ. ಎಲ್ಲರೂ ಕೈಯಲ್ಲೇ ಮಣ್ಣು ಬಗೆದರಂತೆ. ವಿಜಯಕುಮಾರ್ ಅವರನ್ನು ಹೊರಗೆ ತೆಗೆಯುವ ಹೊತ್ತಿಗೆ ಉಸಿರು ಇರಲಿಲ್ಲ.

ಆ ಸೈಟಿನ ಕ್ಯಾಮೆರಾಗಳ ಎನ್‌ಕೋಡರ್ ಡಬ್ಬಿ ಪೂರ್ವದ ಗೋಡೆಯ ನೆತ್ತಿಯ ಮೇಲೇ ಇತ್ತು. ಗೋಡೆಯ ಜೊತೆ ಅದೂ ಹೋಯಿತು. ಹೊಸ ಚಿತ್ರ ಬರದಿದ್ದರೆ ನಿಮ್ಮ ಸ್ಕ್ರೀನು ಕೊನೆಯ ಚಿತ್ರವನ್ನೇ ಹಿಡಿದು ನಿಲ್ಲುತ್ತದೆ. ನೀನು ನನಗೆ ಆ ಎರಡು ಸಾಲು ಬರೆಯುವಾಗ ಎಲ್ಲ ಮುಗಿದಿತ್ತು. ಇದನ್ನು ನಾನೇ ಹೇಳಬೇಕು ಅನ್ನಿಸಿತು.

ತನಿಖೆಯವರ ಮುಂದೆ ಹೇಳಿಕೆ ಕೊಟ್ಟಿದ್ದೇನೆ. ನಿನಗೆ ಬರೆದದ್ದನ್ನೇ ಹೇಳಿದೆ, ನುಂಗಿಕೊಂಡ ಮಾತನ್ನೂ ಸೇರಿಸಿ. ಕಂಪನಿಯಿಂದ ನನ್ನನ್ನು ತೆಗೆದರು. ಸರಿಪಡಿಸಿದ ಎನ್‌ಕೋಡರ್ ಸಿದ್ಧವಿದೆ, ಬರೆದಿಟ್ಟೇ ಬಂದೆ. ಆದರೆ ಹಾಕಿಲ್ಲ. ಈಗ ಬದಲಾಯಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ, ತನಿಖೆ ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಅವರ ವಕೀಲರು ಹೇಳಿದ್ದಾರಂತೆ. ಉಳಿದ ಎಲ್ಲ ಗುಂಡಿಗಳಲ್ಲೂ ಹಳೆಯದೇ ಓಡುತ್ತಿದೆ. ಮಳೆಗಾಲ ಬಂದಿದೆ.

ಶಾಂತಲಾ


ಹುಬ್ಬಳ್ಳಿ
30 ಜೂನ್ 2025

ಶಾಂತಲಾ,

ನಿನ್ನ ಪತ್ರ ಓದಿದೆ. ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಒಂದು ಮಾತು ಹೇಳಿದ್ದರೆ ಅವರು ಫೋಟೋ ತೆಗೆಯಲು ಇಳಿಯುತ್ತಿರಲಿಲ್ಲ. ನಾನೂ ಆ ಬೆಳಿಗ್ಗೆ ನಿನ್ನ ಪತ್ರ ಓದಿದ್ದರೆ ಇನ್ನೂ ವೇಳೆ ಇತ್ತೋ ಏನೋ. ಯಾರೂ ಹೇಳಲಾರರು. ಆ ಮಾತು ಅಲ್ಲಿಗೇ ಇರಲಿ.

ನಾನು ಮತ್ತೆ ಡ್ಯೂಟಿಗೆ ಸೇರಿದ್ದೇನೆ. ಎಲ್ಲರೂ ಬೇಡ ಎಂದರು. ಆದರೆ ಈ ಕೋಣೆಯಲ್ಲಿರುವ ಉಳಿದವರೆಲ್ಲ ಇನ್ನೂ ಚಿತ್ರವನ್ನು ನಂಬುತ್ತಾರೆ. ನಾನು ಬಂದ ದಿನದಿಂದ ಮೇಜಿನ ಫೋನಿನಿಂದ ಒಂದೊಂದೇ ಸೈಟಿಗೆ ಫೋನ್ ಮಾಡಿ, ಗೋಡೆಯ ಹತ್ತಿರ ಹೋಗದೆ ದೂರದಿಂದ ನೋಡಿ ಬನ್ನಿ ಎನ್ನುತ್ತೇನೆ. ಎಲ್ಲರಿಗೂ ಬೇಸರ. ಗಂಡ ಹೋದ ಮೇಲೆ ಇವಳ ತಲೆ ಕೆಟ್ಟಿದೆ ಎನ್ನುತ್ತಾರಂತೆ.

ಈಗ ತಾನೇ ಬನಶಂಕರಿಯ ಸೈಟಿಗೆ ಮಾಡಿದ್ದೆ. ರಘು ಎಂಬ ಸೂಪರ್‌ವೈಸರ್ ಎತ್ತಿದ.

“ಮೇಡಂ, ಸ್ಕ್ರೀನ್ ಮೇಲೆ ನಿಮಗೇ ಕಾಣ್ಸಲ್ವಾ? ದಿನಾ ನನ್ನೇ ಯಾಕೆ ಓಡಿಸ್ತೀರ?”

“ಕಾಣಸ್ತದರೀ. ಒಣಗಿದಂಗ ಕಾಣಸ್ತದ. ಅದಕ್ಕ ಕೇಳಾಕತ್ತೀನಿ.”

ಗೊಣಗಿಕೊಂಡು ಹೋದ. ಅವನು ವಾಪಸ್ ಬರುವವರೆಗೆ ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ. ಬಂದವನ ದನಿಯೇ ಬೇರೆಯಾಗಿತ್ತು. “ಮೇಡಂ, ದಕ್ಷಿಣದ ಗೋಡೆ ಬುಡ ಒದ್ದೆ ಆಗಿದೆ. ಮಣ್ಣು ಉದುರ್ತಾ ಇದೆ.”

ಎಲ್ಲರನ್ನೂ ಮೇಲೆ ಕರೆಯಲು ಹೇಳಿದೆ. ಅವನು ಕೂಗುವುದು ನನಗೆ ಇಲ್ಲಿಗೇ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲಾ ಬಂದ್ರು ಮೇಡಂ, ಕೆಳಗೆ ಯಾರೂ ಇಲ್ಲ” ಎಂದ.

ನನ್ನ ಸ್ಕ್ರೀನಿನಲ್ಲಿ ಗೋಡೆಯ ಬುಡದಲ್ಲಿ ಇನ್ನೂ ಇಬ್ಬರು ಕೂತಿರುವುದು ಕಾಣುತ್ತಿದೆ. ಅಲುಗಾಡುತ್ತಿಲ್ಲ. ಇನ್ನೊಮ್ಮೆ ಎಣಿಸಿ ಎಂದೆ. ಎಣಿಸಿದೆ ಎಂದ. ಆಮೇಲೆ ಲೈನ್ ಕಡಿಯಿತು, ಎಷ್ಟು ಸಲ ಮಾಡಿದರೂ ಸಿಗುತ್ತಿಲ್ಲ. ಚಿತ್ರ ಆವತ್ತಿನ ಹಾಗೆ ನಿಂತುಹೋಗಿದೆಯೋ, ಅವನ ಎಣಿಕೆ ಸುಳ್ಳೋ, ಇಲ್ಲಿ ಕೂತು ನನಗೆ ಗೊತ್ತಾಗುವುದಿಲ್ಲ.

ಬನಶಂಕರಿ ನಿನಗೆ ಹತ್ತಿರ. ಹೋಗು, ಕಣ್ಣಾರೆ ನೋಡಿ ತಕ್ಷಣ ಮೇಲ್ ಹಾಕು. ತಡೆದಿಟ್ಟಿದ್ದ ನಿನ್ನ ನಂಬರನ್ನೂ ತೆರೆದಿಟ್ಟಿದ್ದೇನೆ.

ಶ್ರೀದೇವಿ